ನಾನು ಬರೆದ ಫಂಕ್ಷನ್, ಅಕ್ಕನ ಹೊಲ

ನಮ್ಮ ಕಡೆ ಹೊಲದವರನ್ನು ಯಾವಾಗ ಬಿತ್ತಿದಿರಿ ಎಂದು ಕೇಳಿದರೆ ತಾರೀಖು ಹೇಳುವುದಿಲ್ಲ. ರೋಹಿಣಿ ಮಳೆ ಹಿಡಿದಾಗ ಅನ್ನುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಎದುರಿಗೆ ಅನ್ನುತ್ತಾರೆ. ಕಾರಹುಣ್ಣಿಮೆ ಆಗಿ ಎರಡು ದಿನಕ್ಕೆ ಅನ್ನುತ್ತಾರೆ. ಅವರ ಮಟ್ಟಿಗೆ ಅದೇ ತಾರೀಖು, ಅದರಲ್ಲಿ ತಪ್ಪೂ ಇಲ್ಲ. ಕೊಪ್ಪಳದ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಕೂತು ಆ ಮಾತುಗಳನ್ನು ಕಂಪ್ಯೂಟರಿಗೆ ತಿಳಿಯುವ ತಾರೀಖು ಮಾಡುವುದು ನನ್ನ ಕೆಲಸವಾಗಿತ್ತು. ಆ ಕೆಲಸದ ದಾರಿಯಲ್ಲಿ ನನ್ನ ಅಕ್ಕನಿಗೆ ಏನಾಯಿತು ಎಂದು ಬರೆಯಲು ಕೂತಿದ್ದೇನೆ. ನಾನು ಎರಡು ಬೆರಳಿನಲ್ಲಿ ಟೈಪು ಮಾಡುವವನು. ನಿಧಾನ ಆಗುತ್ತದೆ.

ನಾನು ಶಾಲೆ ಕಂಡದ್ದು ತಡವಾಗಿ. ಯಲಬುರ್ಗಾ ಕಡೆಯ ನಮ್ಮ ಊರಿನಲ್ಲಿ ಮನೆಯ ಆಡು ಕಾಯಲು ಯಾರಾದರೂ ಒಬ್ಬರು ಬೇಕಿತ್ತು. "ಅವನರ ಸಾಲಿಗಿ ಹೋಗ್ಲಿ ಬಿಡಪ್ಪಾ, ಆಡಿನ ಬೆನ್ನ ನಾ ಹತ್ತತೀನಿ" ಎಂದು ಅಕ್ಕ ಅಪ್ಪನಿಗೆ ಹೇಳಿದ ಮೇಲೆಯೇ ನಾನು ಒಂದನೇ ಇಯತ್ತೆಯಲ್ಲಿ ಕೂತದ್ದು. ಪಕ್ಕದಲ್ಲಿ ಕೂತ ಮಕ್ಕಳು ನನ್ನ ಮೊಣಕೈಗೆ ಬರುತ್ತಿದ್ದರು. ಮೀಸೆ ಮೂಡಿದ ಮೇಲೆ ಹತ್ತನೆಯದು ಮುಗಿಯಿತು. ಆಮೇಲೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲಾರಿ ತೂಕದ ಚೀಟಿ ಬರೆಯಲು ಸೇರಿದೆ. ಗಿರಣಿ, ವಲಸೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದವರದು, ಹಾಗಾಗಿ ತೆಲುಗು ಬಂತು. ಚೀಟಿಯ ಜಾಗಕ್ಕೆ ಕಂಪ್ಯೂಟರು ಬಂದಾಗ, ನನ್ನನ್ನು ತೆಗೆದುಹಾಕಬಾರದೆಂದು ಅದನ್ನೂ ಕಲಿತೆ. ತೆಲುಗು ವಿಡಿಯೋಗಳನ್ನು ನೋಡಿ, ನಿಲ್ಲಿಸಿ, ಮತ್ತೆ ನೋಡಿ ಕಲಿತೆ. ಪದವಿಯನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಕಟ್ಟಿ ಮುಗಿಸಿದೆ. ಬೀಜದ ಕಂಪನಿಗೆ ಬಂದಾಗ ತಲೆಯಲ್ಲಿ ಬಿಳಿ ಕೂದಲಿದ್ದವು.

ಕಂಪನಿ ಮಾಡುವುದು ಮೆಕ್ಕೆಜೋಳದ ಬೀಜ. ಕುಷ್ಟಗಿ, ಯಲಬುರ್ಗಾ, ಅಳವಂಡಿ ಕಡೆಯ ರೈತರಿಗೆ ಮೂಲ ಬೀಜ ಕೊಟ್ಟು, ಅವರ ಹೊಲದಲ್ಲಿ ಬೆಳೆಸಿ, ವಾಪಸು ಕೊಳ್ಳುತ್ತದೆ. ಅದಕ್ಕೆ ಸೀಡ್ಸ್ ಪ್ಲಾಟು ಎಂದು ಹೆಸರು. ಪ್ಲಾಟಿನಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಹೆಣ್ಣು ಸಾಲಿನ ಗಿಡದ ತುದಿಗೆ ಬರುವ ಸೂಲಂಗಿಯನ್ನು, ಅಂದರೆ ಗಂಡು ಹೂವಿನ ತೆನೆಯನ್ನು, ಅದು ಬಿರಿಯುವ ಮೊದಲೇ ಕೈಯಿಂದ ಕಿತ್ತು ಹಾಕಬೇಕು. ಕೀಳದಿದ್ದರೆ ಅದರ ಧೂಳು ಅದಕ್ಕೇ ಬಿದ್ದು ಬೀಜ ಕೆಡುತ್ತದೆ. ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದು ಎರಡೂ ಒಂದೇ ಸಲ ಹೂವಿಗೆ ಬಂದರೂ ಕೆಡುತ್ತದೆ. ಅದಕ್ಕೇ ಹತ್ತಿರದ ಎರಡು ಪ್ಲಾಟುಗಳ ಬಿತ್ತನೆಗೆ ಸುಮಾರು ಒಂದು ತಿಂಗಳ ಅಂತರ ಇರಬೇಕು. ಬಿತ್ತಿದ ದಿನ ಗೊತ್ತಿಲ್ಲದೆ ಕಂಪನಿಗೆ ಏನೂ ನಡೆಯುವುದಿಲ್ಲ.

ಮೊದಮೊದಲು ಫೀಲ್ಡ್‌ಮನ್‌ಗಳ ಮೊಬೈಲಿನಲ್ಲಿ ತಾರೀಖಿನ ಜಾಗ ಇತ್ತು. ರೈತ ಹೇಳಿದ ಮಳೆಯನ್ನು ತಾರೀಖು ಮಾಡಲು ಬಾರದೆ, ಅವರು ತಾವು ಹೊಲಕ್ಕೆ ಹೋದ ದಿನವನ್ನೇ ಹಾಕುತ್ತಿದ್ದರು. ಇಡೀ ತಾಲೂಕು ಒಂದೇ ದಿನ ಬಿತ್ತಿದಂತೆ ಕಾಣುತ್ತಿತ್ತು. ಕೊನೆಗೆ, ರೈತ ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿರಿ, ತಾರೀಖು ಆಫೀಸಿನಲ್ಲಿ ಮಾಡೋಣ ಎಂದು ತೀರ್ಮಾನವಾಯಿತು. ಆಫೀಸಿನಲ್ಲಿ ಎಂದರೆ ನಾನು.

ನಮ್ಮ ಮಾಹಿತಿಯೆಲ್ಲ ಇರುವುದು ಎಲ್ಲೋ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳಲ್ಲಿ. ಕ್ಲೌಡ್ ಅನ್ನುತ್ತಾರೆ. ನಾವು ಬ್ರೌಸರಿನಲ್ಲಿ ಅದರ ಪುಟ ತೆರೆದು ಕೆಲಸ ಮಾಡುತ್ತೇವೆ. ಅದರಲ್ಲಿ ನಮಗೆ ಬೇಕಾದ ಫಂಕ್ಷನ್ ನಾವೇ ಬರೆದುಕೊಳ್ಳಬಹುದು. ಹಿಟ್ಟಿನ ಗಿರಣಿ ಇದ್ದ ಹಾಗೆ ಅದು. ಮೇಲೆ ಜೋಳ ಸುರಿದರೆ ಕೆಳಗೆ ಹಿಟ್ಟು ಬೀಳುತ್ತದೆ, ಒಳಗೆ ಏನಾಗುತ್ತದೆ ಎಂದು ಸುರಿದವರು ನೋಡಬೇಕಾಗಿಲ್ಲ. ಒಂದು ಸಲ ಬರೆದು ಹೆಸರಿಟ್ಟು, ಬಳಸಲು ಯಾರಿಗೆ ಅನುಮತಿ ಎಂದು ಹೇಳಿದರೆ, ಆಮೇಲೆ ಅವರೆಲ್ಲ ಆ ಹೆಸರು ಹಿಡಿದು ಕರೆಯಬಹುದು. ನನ್ನ ಫಂಕ್ಷನ್ನಿಗೆ "ರೋಹಿಣಿ ಮಳಿ" ಎಂದು ಕೊಟ್ಟರೆ ಅದು ತಾರೀಖು ಕೊಡಬೇಕು.

ಮನೆಯಲ್ಲಿ ಹೀಗೆ ಒಂದು ಫಂಕ್ಷನ್ ಮಾಡುತ್ತಿದ್ದೇನೆ ಎಂದಾಗ ನನ್ನ ಹೆಂಡತಿ ಕೇಳಿದಳು: "ಮಂದೀನ ಎಷ್ಟ ಕರದೀರಿ? ಅಡಗಿ ಯಾರ ಮಾಡವರು?"

ಮಳೆಗಳದು ಸುಲಭ. ಅವು ಸೂರ್ಯನ ಲೆಕ್ಕ, ವರ್ಷವೂ ಹೆಚ್ಚುಕಡಿಮೆ ಅದೇ ದಿನಕ್ಕೆ ಹುಟ್ಟುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳದು ಹಾಗಲ್ಲ, ಅವು ಹಿಂದೆ ಮುಂದೆ ಸರಿಯುತ್ತವೆ. ಅದಕ್ಕೆ ಒಂದು ಸಣ್ಣ ಪಟ್ಟಿ ಮಾಡಿ ಕ್ಲೌಡಿನಲ್ಲೇ ಇಟ್ಟೆ. ಯುಗಾದಿಗೆ ಬಜಾರದಲ್ಲಿ ಹೊಸ ಪಂಚಾಂಗ ಬಂದ ಕೂಡಲೇ ತಂದು, ಆ ವರ್ಷದ ಹಬ್ಬಗಳ ತಾರೀಖುಗಳನ್ನು ಅದರಲ್ಲಿ ತುಂಬುತ್ತಿದ್ದೆ. ಫಂಕ್ಷನ್ ಆ ಪಟ್ಟಿ ನೋಡಿ ಉತ್ತರ ಕೊಡುತ್ತಿತ್ತು. ಆಫೀಸಿನವರು ನನ್ನನ್ನು ಪಂಚಾಂಗದಯ್ಯ ಎಂದು ಕರೆಯಲು ಶುರು ಮಾಡಿದರು. "ಅಯ್ನೋರ, ನಮ್ಮ ಮಗಳ ಜಾತಕದ ಕೂಡಾವಳಿ ಹ್ಯಾಂಗೈತಿ ನೋಡ್ರಿ" ಎಂದು ಕೈ ಮುಗಿಯುತ್ತಿದ್ದರು. ನನಗೆ ಬೇಸರ ಇರಲಿಲ್ಲ. ಕಡುಬಡವರ ಮನೆಯಲ್ಲಿ ಹುಟ್ಟಿ ಆಡಿನ ಹಿಂದೆ ತಿರುಗಿದವನು ಬರೆದದ್ದನ್ನು ದಿನಾ ಬೆಳಿಗ್ಗೆ ಕಂಪನಿಯ ಲೆಕ್ಕವೆಲ್ಲ ಕರೆದು ಕೇಳುತ್ತದೆ ಅನ್ನುವುದು ನನಗೆ ಸಣ್ಣ ಮಾತಾಗಿರಲಿಲ್ಲ.

ಎರಡು ಮೂರು ಹಂಗಾಮು ಹಾಗೆ ನಡೆಯಿತು. ಆಮೇಲೆ ಹೈದರಾಬಾದಿನ ಹೆಡ್ ಆಫೀಸಿನಿಂದ, ಎಲ್ಲ ಊರಿನ ಫಂಕ್ಷನ್‌ಗಳು ಒಂದೇ ಕಡೆ, ಒಬ್ಬರದೇ ಒಡೆತನದಲ್ಲಿ ಇರಬೇಕು ಎಂದು ಸೂಚನೆ ಬಂತು. ಹಾಗೆ ಮಾಡುವುದು ಸರಿಯೇ. ಒಬ್ಬೊಬ್ಬರು ಒಂದೊಂದು ಬರೆದು ಬಿಟ್ಟುಹೋದರೆ ಆಮೇಲೆ ನೋಡಿಕೊಳ್ಳುವವರು ಯಾರು? ಅಲ್ಲಿಯ ಎಂಜಿನಿಯರ್ ಹುಡುಗಿಯೊಬ್ಬಳು ನನಗೆ ಫೋನು ಮಾಡಿದಳು. ತೆಲುಗಿನಲ್ಲಿ ಮಾತಾಡಿದೆವು. ನನ್ನನ್ನು ಅಂಕುಲ್ ಎಂದಳು, ನಾನು ಬರೆದದ್ದನ್ನು ಸಾಲು ಸಾಲು ಕೇಳಿ ತಿಳಿದುಕೊಂಡಳು.

"ಅಂಕುಲ್, ಫಂಕ್ಷನ್ ಹೊರಗಿನ ಪಟ್ಟಿ ನೋಡ್ತಾ ಕೂತ್ರೆ ನಿಧಾನ ಆಗುತ್ತೆ. ಎಲ್ಲ ರಾಜ್ಯದ ಪ್ಲಾಟೂ ಇದರಲ್ಲೇ ಹಾಯ್ಬೇಕು. ಹುಣ್ಣಿಮೆ ಲೆಕ್ಕ ಹಾಕೋಕೆ ಸೂತ್ರ ಇದೆ, ಅದನ್ನೇ ಒಳಗೆ ಬರೀತೀನಿ" ಎಂದಳು.

"ಅಧಿಕ ಮಾಸ ಬರ್ತೈತಮ್ಮಾ" ಎಂದೆ. ಕೆಲವು ವರ್ಷಗಳಿಗೊಮ್ಮೆ ಒಂದು ತಿಂಗಳು ಎರಡು ಸಲ ಬರುತ್ತದೆ. ಜ್ಯೇಷ್ಠ ಎರಡು ಬಂದರೆ ಮೊದಲಿನದು ಅಧಿಕ, ಅದರ ಹುಣ್ಣಿಮೆಗೆ ಯಾರೂ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವುದಿಲ್ಲ. ಕಾರಹುಣ್ಣಿಮೆ ಎರಡನೆಯ ತಿಂಗಳಿಗೇ. ಇದನ್ನು ಬಿಡಿಸಿ ಹೇಳಿದೆ. ನನ್ನ ಫಂಕ್ಷನ್ನಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಅದನ್ನೇ ಟಿಪ್ಪಣಿ ಬರೆದಿದ್ದೇನೆ, ಓದಿಕೋ ಎಂದೂ ಹೇಳಿದೆ. ನೋಡ್ಕೋತೀನಿ ಅಂಕುಲ್ ಎಂದಳು.

ಹಳೆಯದರ ಮೇಲೆ ಹೊಸದನ್ನು ಬರೆದು ಕೂರಿಸಿದಾಗ ಹೆಸರು ಅದೇ ಉಳಿಯುತ್ತದೆ, ಒಳಗಿನದೆಲ್ಲ ಹೋಗುತ್ತದೆ. ಟಿಪ್ಪಣಿಯೂ ಹೋಗುತ್ತದೆ. ಕಂಪನಿಯ ನಿಯಮಗಳು ಹೊರಗೆ ಹೋಗಬಾರದೆಂದು ಹೊಸ ಫಂಕ್ಷನ್‌ಗಳನ್ನೆಲ್ಲ ಮುಚ್ಚಿಟ್ಟರು. ಕರೆಯಬಹುದು, ಉತ್ತರ ಪಡೆಯಬಹುದು. ಒಳಗೆ ಏನು ಬರೆದಿದೆ ಎಂದು ಒಡೆತನ ಇದ್ದವರು ಬಿಟ್ಟು ಬೇರೆ ಯಾರೂ ನೋಡುವಂತಿಲ್ಲ. ನಾನೂ ನೋಡುವಂತಿಲ್ಲ. ಆ ವರ್ಷ ಅಧಿಕ ಮಾಸ ಇರಲಿಲ್ಲ. ಉತ್ತರಗಳು ಸರಿಯಾಗಿಯೇ ಬಂದವು. ಆಫೀಸಿನಲ್ಲಿ ಎಲ್ಲರೂ ಅದನ್ನು ಈಗಲೂ ಅಯ್ನೋರ ಫಂಕ್ಷನ್ ಅಂತಲೇ ಅನ್ನುತ್ತಿದ್ದರು.

ಅಕ್ಕನನ್ನು ಕೊಟ್ಟದ್ದು ಕುಷ್ಟಗಿ ಹತ್ತಿರದ ಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಆಕೆ ಎಷ್ಟೋ ವರ್ಷ ಬೇರೆಯವರ ಪ್ಲಾಟುಗಳಲ್ಲಿ ಸೂಲಂಗಿ ಕೀಳುವ ಕೂಲಿಗೆ ಹೋದಳು. ಹಂಗಾಮಿನಲ್ಲಿ ಬೆಳಗಾಗುವುದರೊಳಗೆ ಊರಿನ ಹೆಂಗಸರನ್ನೆಲ್ಲ ಟ್ರ್ಯಾಕ್ಸ್ ಗಾಡಿ ತುಂಬಿಕೊಂಡು ಹೋಗುತ್ತಿತ್ತು. ಅಕ್ಕನದೂ ಹಳ್ಳದ ದಂಡೆಗೆ ಹೊಲ ಇತ್ತು. ಅದರಲ್ಲಿ ಸಜ್ಜೆ ತೊಗರಿ ಹಾಕುತ್ತಿದ್ದಳು. ತನ್ನ ಹೊಲದಲ್ಲಿಯೂ ಒಂದು ಪ್ಲಾಟು ಆಗಬೇಕು, ತನ್ನ ಹೆಸರಿಗೇ ಆಗಬೇಕು ಎಂದು ಆಕೆಗೆ ಆಸೆ.

"ಮಂದಿ ಹೊಲದಾಗ ಕಿತ್ತಿದ್ದ ಸೂಲಂಗಿ ಕೂಡಿಸಿದ್ರ ಗುಡ್ಡ ಆಗ್ತಿತ್ತು ತಮ್ಮಾ" ಎನ್ನುತ್ತಿದ್ದಳು. "ಒಂದ ವರ್ಷ ನಂದ ಹೊಲದಾಗ ಕೀಳಬೇಕು ನಾ. ನಾಕ ಮಂದೀನ ಕರದು, ಏಯ್ ಲಗೂ ಕೀಳ್ರವಾ ಅಂತ ಬದುವಿನ ಮ್ಯಾಲ ನಿಂತು ಒದರಬೇಕು."

ಫಂಕ್ಷನ್ ಬದಲಾದ ಮರುವರ್ಷ ಆಕೆಗೆ ಪ್ಲಾಟು ಸಿಕ್ಕಿತು. ನಾನು ಯಾರಿಗೂ ಹೇಳಿಸಲಿಲ್ಲ. ಫೀಲ್ಡ್‌ಮನ್ನೇ ಹೊಲ ನೋಡಿ ಹೆಸರು ಬರೆದುಕೊಂಡಿದ್ದ. ಕಂಪನಿಯಲ್ಲಿ ಒಂದು ಕಟ್ಟುಪಾಡು ಇದೆ. ಮೊದಲ ವರ್ಷ ಪ್ಲಾಟು ಪಾಸಾದರೆ ಹೆಸರು ಕಾಯಂ ಆಗುತ್ತದೆ, ವರ್ಷವೂ ಕೇಳದೆ ಕೊಡುತ್ತಾರೆ. ಮೊದಲ ವರ್ಷವೇ ಫೇಲಾದರೆ ಮತ್ತೆ ಕೊಡುವುದಿಲ್ಲ.

ಹಳ್ಳದ ಆಚೆ ದಂಡೆಯವರದು ಬೇರೆ ತಳಿಯ ಪ್ಲಾಟು. ಅವರಿಗೆ ಬೋರಿನ ನೀರಿತ್ತು, ರೋಹಿಣಿ ಮಳೆಗೇ ಬಿತ್ತಿದರು. ಅಕ್ಕ ಕಾದಳು. ಫೀಲ್ಡ್‌ಮನ್ ಒಂದು ತಿಂಗಳು ತಡೆಯಿರಿ ಎಂದಿದ್ದ. ಅಲ್ಲದೆ ಅಕ್ಕನಿಗೆ ಎತ್ತು ಇರಲಿಲ್ಲ. ಎತ್ತು ಇದ್ದವರು ಕಾರಹುಣ್ಣಿಮೆಗೆ ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ, ಅಗಸಿಗೆ ಕಟ್ಟಿದ ತೋರಣ ಹರಿಸಿ, ಅಂದರೆ ಕರಿ ಹರಿದ ಮೇಲೆಯೇ ಬೇರೆಯವರಿಗೆ ಕೊಡುವುದು. ಹುಣ್ಣಿಮೆ ಆಗಿ ಎರಡು ದಿನಕ್ಕೆ ಕೊಂಬಿನ ಬಣ್ಣ ಹಾಗೇ ಇದ್ದ ಎತ್ತುಗಳನ್ನು ತಂದು ಬಿತ್ತಿದಳು. ಫೀಲ್ಡ್‌ಮನ್ ಆಮೇಲೆ ಬಂದು, ಯಾವಾಗ ಬಿತ್ತಿದ್ರಿ ಯಕ್ಕಾರ ಎಂದು ಕೇಳಿದಾಗ ಆಕೆ ಇದ್ದದ್ದನ್ನೇ ಹೇಳಿದಳು. ಆತ ಅದನ್ನೇ ಬರೆದು ಕಳಿಸಿದ.

ಆ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು.

ಅಕ್ಕನ ಮೆಕ್ಕೆಜೋಳ ಸೊಂಟದ ಎತ್ತರ ಆಗಿತ್ತು. ಒಂದು ದಿನ ಮಧ್ಯಾಹ್ನ ಫೀಲ್ಡ್‌ಮನ್ ನನಗೆ ಫೋನು ಮಾಡಿದ.

"ಅಣ್ಣಾರ, ಊಟ ಆತ್ರಿ?"

"ಆತಪ. ಹೇಳು."

"ನಿಮ್ಮ ಅಕ್ಕಾರ ಪ್ಲಾಟು ಕೆಂಪ ಬಂದೈತಲ್ರಿ ಮೊಬೈಲಿನ್ಯಾಗ. ಹಳ್ಳದ ಆಚಿಕಿನ್ದು, ಇವರ್ದು ಕೂಡೇ ಬಿತ್ಯಾರ ಅಂತ ತೋರಸಾಕತ್ತೈತಿ. ಅವರ್ದು ಮೊದಲ ನೋಂದಣಿ ಆಗೈತಿ, ಹಂಗಾಗಿ ಇವರ್ದು ರದ್ದು ಅಂತ."

"ಕೂಡೇ ಹೆಂಗಾಕ್ಕೈತೋ? ನೀನ ಕಣ್ಣಾರೆ ನೋಡಿಯಲ್ಲ?"

"ನೋಡೀನ್ರಿ. ಅವರ್ದು ನನ್ನ ತಲಿಗಿಂತ ಎತ್ತರ ಆಗೈತಿ. ನಾ ನೋಡಿದ್ರ ಏನ ಬಂತ್ರಿ? ನಿಮ್ಮ ಫಂಕ್ಷನ್ ಹಂಗ ಹೇಳತೈತಿ."

ಫೋನು ಇಟ್ಟು ಕ್ಲೌಡಿನ ಪುಟ ತೆರೆದೆ. ಫಂಕ್ಷನ್ನಿನ ಹೆಸರು ಬರೆದು, ಅಕ್ಕ ಹೇಳಿದ ಮಾತನ್ನು ಅದಕ್ಕೆ ಕೊಟ್ಟೆ. ಬಂದ ತಾರೀಖು ಪೂರಾ ಒಂದು ತಿಂಗಳು ಹಿಂದಿನದು. ಮಣ್ಣೆತ್ತಿನ ಅಮಾವಾಸ್ಯೆ ಕೊಟ್ಟು ನೋಡಿದೆ, ಅದೂ ಒಂದು ತಿಂಗಳು ಹಿಂದೆ. ಆರಿದ್ರಾ ಮಳೆ ಕೊಟ್ಟೆ, ಸರಿ ಬಂತು. ಒಳಗೆ ನೋಡಲು ಬಿಡುವುದಿಲ್ಲವಾದ್ದರಿಂದ ಕೊಡ ಕೊಳ್ಳುವವರು ಹೊರಗಿನಿಂದ ಬಾರಿಸಿ ನೋಡುವಂತೆ ಒಂದೊಂದನ್ನೇ ಕೊಟ್ಟು ನೋಡಿದೆ. ಅರ್ಥವಾಯಿತು. ಸೂತ್ರ ಮೊದಲು ಬಂದ ಜ್ಯೇಷ್ಠದ ಹುಣ್ಣಿಮೆಯನ್ನೇ ಕಾರಹುಣ್ಣಿಮೆ ಎಂದು ಹಿಡಿದಿತ್ತು. ಅಕ್ಕ ನಿಜವಾಗಿ ಬಿತ್ತಿದ್ದಕ್ಕಿಂತ ಒಂದು ತಿಂಗಳು ಮೊದಲೇ, ಆಚೆ ದಂಡೆಯವರ ಜೊತೆಗೇ ರೋಹಿಣಿಯಲ್ಲಿ ಬಿತ್ತಿದ್ದಾಳೆ ಎಂದು ಅದು ತಿಳಿದಿತ್ತು. ಕಾರಹುಣ್ಣಿಮೆ ಎಂದು ಹೇಳಿದವರು ಬೇರೆ ಊರುಗಳಲ್ಲಿಯೂ ಇದ್ದರು. ಅವರ ಪಕ್ಕದಲ್ಲಿ ಬೇರೆ ತಳಿಯ ಪ್ಲಾಟು ಇರಲಿಲ್ಲವಾದ್ದರಿಂದ ತಾರೀಖು ತಪ್ಪಿದರೂ ಏನೂ ಆಗಲಿಲ್ಲ. ಆದದ್ದು ಅಕ್ಕನದು ಒಂದೇ.

ಮ್ಯಾನೇಜರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

"ಸಾಹೇಬ್ರ, ಆರಿದ್ರಾ ಮಳಿ ಅಂತ ತಿದ್ದಿ ಕಳಿಸಿದ್ರ ಸರಿ ಆಗ್ತೈತ್ರಿ. ಸುಳ್ಳೇನಲ್ರಿ ಅದು, ಖರೇನ ಅದ ಮಳಿಯಾಗ ಬಿತ್ಯಾಳ."

"ಕಳಿಸಿದ್ದು ತಿದ್ದಾಕ ಬರಂಗಿಲ್ಲಪಾ. ಗೊತ್ತೈತೆಲ್ಲ ನಿನಗ. ಮೊದಲ ತಿದ್ದಾಕ ಕೊಟ್ಟಿದ್ರು, ಮಂದಿ ಏನ ಮಾಡಿದ್ರು? ಕೋಳಿ ಕೊಟ್ಟಾವನ ಪ್ಲಾಟು ಪಾಸು, ಕೊಡಲಾರದಾವಂದು ಫೇಲು. ಅದಕ್ಕ ಕೀಲಿ ಹಾಕ್ಯಾರ."

"ಫೋಟೋ ಕಳಿಸ್ತೀನ್ರಿ. ಎರಡೂ ಹೊಲದ್ದು, ಎತ್ತರ ಕಾಣೂ ಹಂಗ."

"ಕಳಸು. ಆದ್ರ ನಿನ್ನ ಅಕ್ಕ ಅಂತ ಬರೀಬ್ಯಾಡ. ಫಂಕ್ಷನ್ ಬರದಾವನ ಅಕ್ಕನ ಪ್ಲಾಟಿಗಿ ಫಂಕ್ಷನ್ ತಪ್ಪೈತಿ ಅಂದ್ರ, ಕೇಳಿದಾವ ಏನ ತಿಳ್ಕೋತಾನ?"

ಅವರು ಹೇಳಿದ್ದು ಖರೆ ಇತ್ತು. ಹೆಡ್ ಆಫೀಸಿಗೆ ದೂರು ಬರೆದೆ. ಫೋಟೋ ಹಚ್ಚಿದೆ. ಪಂಚಾಂಗದ ಪುಟವನ್ನೂ ಹಚ್ಚಿದೆ. ಮೂಲ ಬೀಜ ಕೊಟ್ಟ ದಿನವನ್ನು ತೋರಿಸೋಣವೆಂದರೆ, ಅದನ್ನು ಎಲ್ಲರಿಗೂ ರೋಹಿಣಿಗಿಂತ ಮೊದಲೇ ಹಂಚಿಬಿಟ್ಟಿದ್ದರು. ಕಾದು ಕಾದು, ಹೈದರಾಬಾದಿನ ಆ ಎಂಜಿನಿಯರ್ ಹುಡುಗಿಗೆ ನಾನೇ ಫೋನು ಮಾಡಿದೆ. ಆದದ್ದನ್ನೆಲ್ಲ ಹೇಳಿದೆ. ಕೀಲಿಮಣೆಯ ಸದ್ದು ಬರುತ್ತಿತ್ತು, ನೋಡುತ್ತಿದ್ದಾಳೆ ಎಂದು ತಿಳಿಯಿತು.

"ನೀವು ಹೇಳೋದು ನಿಜ ಅಂಕುಲ್" ಎಂದಳು ಕೊನೆಗೆ. "ಆ ವಿಷಯ ಬಿಟ್ಟುಹೋಗಿದೆ. ಆದ್ರೆ ಹಂಗಾಮು ನಡೀತಿರುವಾಗ ಯಾವ ಫಂಕ್ಷನ್ನೂ ಮುಟ್ಟೋ ಹಾಗಿಲ್ಲ. ಒಂದನ್ನ ಬದಲಿಸಿದ್ರೆ ಎಲ್ಲ ರಾಜ್ಯದ ಲೆಕ್ಕವೂ ಮತ್ತೆ ಹಾಕ್ಬೇಕಾಗುತ್ತೆ. ಖರೀದಿ ಮುಗಿದ ಮೇಲೆ ತಿದ್ದೋಣ."

"ಖರೀದಿ ಮುಗಿದ ಮ್ಯಾಲ ಜ್ವಾಳ ಇರಂಗಿಲ್ಲವಾ."

"ಗೊತ್ತು ಅಂಕುಲ್. ನಿಮ್ಮ ದೂರನ್ನ ಪರಿಶೀಲನೆಗೆ ಹಾಕಿದೀನಿ. ಹೊಲಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಅವರು ಪ್ಲಾಟು ಶುದ್ಧ ಇದೆ ಅಂತ ಬರೆದ್ರೆ, ಇದೊಂದನ್ನ ಕೈಯಾರೆ ಪಾಸು ಮಾಡಿಸ್ತೀನಿ."

ಹಾಗೆಂದ ಮೇಲೆ ನನಗೆ ಜೀವ ಬಂದಂತಾಯಿತು. ಆದರೂ ಸುಮ್ಮನೆ ಕೂರಲು ಆಗಲಿಲ್ಲ. ಕ್ಲೌಡಿನಲ್ಲಿ ನನಗೆಂದು ಬಿಟ್ಟಿದ್ದ ಒಂದು ಮೂಲೆ ಇತ್ತು. ಅಲ್ಲಿ ಅದೇ ಹೆಸರಿನ ಇನ್ನೊಂದು ಫಂಕ್ಷನ್ ಬರೆದೆ. ಜಾಗ ಬೇರೆ ಇದ್ದರೆ ಒಂದೇ ಹೆಸರಿನವು ಎರಡು ಇರಬಹುದು. ಹಳೆಯ ಪಟ್ಟಿ ನನ್ನ ಹತ್ತಿರ ಇತ್ತು, ಅದಕ್ಕೆ ಜೋಡಿಸಿದೆ. ಅಕ್ಕನ ಮಾತು ಕೊಟ್ಟೆ. ಸರಿಯಾದ ತಾರೀಖು ಬಂತು. ಎರಡು ಪ್ಲಾಟಿನ ಅಂತರ ಕೇಳಿದೆ, ಪಾಸು ಎಂದು ಬಂತು. ಆ ಪಾಸನ್ನು ನೋಡುತ್ತಾ ಕೂತೆ. ಕಂಪನಿಯ ಲೆಕ್ಕ ಮರುದಿನ ಬೆಳಿಗ್ಗೆಯೂ ಆ ಕಡೆಯ ಫಂಕ್ಷನ್ನನ್ನೇ ಕರೆಯಿತು. ನನ್ನದನ್ನು ನನ್ನ ಹೊರತು ಯಾರೂ ಕರೆಯಲಿಲ್ಲ.

ನನಗೆ ತಿಳಿಯದಿದ್ದ ಮಾತು ಒಂದಿತ್ತು. ಸೂಲಂಗಿ ಕೀಳುವ ಹೆಂಗಸರನ್ನು ಟ್ರ್ಯಾಕ್ಸಿನಲ್ಲಿ ಕಳಿಸುವುದು ಕಂಪನಿ. ಹೊಲ ಹೂವಿಗೆ ಬಂತೆಂದು ಫೀಲ್ಡ್‌ಮನ್ ತಿಳಿಸಿದ ಮೇಲೆ, ಯಾವ ಹೊಲಕ್ಕೆ ಎಷ್ಟು ಮಂದಿ ಎಂದು ಆ ಕ್ಲೌಡಿನ ಲೆಕ್ಕವೇ ಹೇಳುತ್ತದೆ. ಕೆಂಪಾದ ಪ್ಲಾಟಿಗೆ ಅದು ಯಾರನ್ನೂ ಕಳಿಸುವುದಿಲ್ಲ. ಕೆಟ್ಟ ಪ್ಲಾಟಿಗೆ ಕೂಲಿ ಯಾಕೆ ಎಂದು.

ಅಕ್ಕನ ಹೊಲ ಹೂವಿಗೆ ಬಂತು. ಕಾರಹುಣ್ಣಿಮೆ ಆದ ಮೇಲೆ ಬಿತ್ತಿದವರ ಹೊಲಗಳೆಲ್ಲ ಅದೇ ವಾರ ಹೂವಿಗೆ ಬಂದಿದ್ದವು. ಊರಿನ ಹೆಂಗಸರೆಲ್ಲ ಒಂದಲ್ಲ ಒಂದು ಪ್ಲಾಟಿಗೆ ಹೋಗಿಬಿಟ್ಟಿದ್ದರು. ದುಡ್ಡು ಕೊಡುತ್ತೇವೆಂದರೂ ಒಬ್ಬರೂ ಸಿಗಲಿಲ್ಲ. ನಾನು ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಕುಷ್ಟಗಿ ಬಸ್ಸು ಹತ್ತಿದೆ.

ಹೋದಾಗ ಅಕ್ಕ ಹೊಲದಲ್ಲಿ ಒಬ್ಬಳೇ ಇದ್ದಳು. ತೋಳಿಗೆ ಹಳೆಯ ಅಂಗಿಯ ತೋಳು ಕತ್ತರಿಸಿ ಹಾಕಿಕೊಂಡಿದ್ದಳು, ಎಲೆಯ ಅಂಚು ಕೊಯ್ಯುತ್ತದೆಂದು. ನಮ್ಮನ್ನು ನೋಡಿ ನಕ್ಕಳು.

"ಬಂದ್ರಾ. ಏನಪಾ ಆಫೀಸರ, ನಿನ್ನ ಮಿಷಿನ್ನಿಗಿ ಕೈ ಅದಾವೇನು? ಇದ್ರ ಕರಕೊಂಡ ಬರಬೇಕಿತ್ತು."

"ಅಕ್ಕಾ, ಇನ್ಸ್‌ಪೆಕ್ಟರ್ ಬರ್ತಾನ. ಅವ ಬರೂದ್ರಾಗ ಹೆಣ್ಣ ಸಾಲಿಂದು ಒಂದೂ ಬಿಡಬಾರದು. ಅಷ್ಟ ಆದ್ರ ಪಾಸು."

"ಮಾತ ಆಮ್ಯಾಲ. ಆ ಸಾಲ ಹಿಡಿ. ಎಲಿ ಹರೀಬ್ಯಾಡ, ಬುಡಕ ಹಿಡದು ನೆಟ್ಟಗ ಮ್ಯಾಲಕ ಜಗ್ಗು."

ಮೂವರೂ ಕಿತ್ತೆವು. ನನ್ನ ಕೈ ಟೈಪಿನಲ್ಲಿ ಹೇಗೋ ಅಲ್ಲಿಯೂ ಹಾಗೇ, ನಿಧಾನ. ನನ್ನ ಹೆಂಡತಿ ನನಗಿಂತ ಬೇಗ. ಅಕ್ಕ ನಾವಿಬ್ಬರೂ ಒಂದು ಸಾಲು ಮುಗಿಸುವುದರೊಳಗೆ ಎರಡು ಮುಗಿಸಿ ತಿರುಗುತ್ತಿದ್ದಳು. ಕಣ್ಣಿಗೆ ಹೂವಿನ ಧೂಳು ಬಿದ್ದು ಉರಿಯುತ್ತಿತ್ತು. ಈ ಕಡೆ ಕಿತ್ತು ಮುಗಿಸುವುದರೊಳಗೆ ಆ ಕಡೆ ನಿನ್ನೆ ಮುಚ್ಚಿದ್ದವು ಇಂದು ಹೊರಗೆ ಬಂದಿರುತ್ತಿದ್ದವು. ಅದನ್ನು ಹದಿನೈದು ಇಪ್ಪತ್ತು ಮಂದಿ ಸಾಲು ಹಿಡಿದು, ದಿನವೂ ಒಂದು ಸುತ್ತು ಹಾಕಿ ಮಾಡಬೇಕು. ಮೂರು ಮಂದಿಯಿಂದ ಆಗುವ ಕೆಲಸ ಅದಲ್ಲ. ಅಕ್ಕನಿಗೆ ಅದು ಮೊದಲ ದಿನವೇ ಗೊತ್ತಿತ್ತೆಂದು ನನಗೆ ಈಗ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ರಸ್ತೆಯಲ್ಲಿ ಟ್ರ್ಯಾಕ್ಸ್ ನಿಂತಿತು. ಅಕ್ಕನ ಹಳೆಯ ಜೊತೆಯವರು.

"ಏನಬೇ ಸಾವ್ಕಾರತಿ, ಕೂಲಿ ಉಳಸಾಕತ್ತಿಯೇನ?" ಎಂದಳು ಒಬ್ಬಾಕೆ ಗಾಡಿಯಿಂದಲೇ.

"ಹೌದಬೇ, ನಿಮಗ ಕೊಡೂ ರೊಕ್ಕದಾಗ ಮಾಳಿಗಿ ಮನಿ ಕಟ್ಟಸ್ತೀನಿ" ಎಂದಳು ಅಕ್ಕ.

ಗಾಡಿಯಲ್ಲಿ ನಗೆ ಎದ್ದಿತು. ಆಮೇಲೆ ಅವರು ಡ್ರೈವರನಿಗೆ ಏನೋ ಹೇಳಿ ಇಳಿದರು. ಸೆರಗು ಕಟ್ಟಿ ಸಾಲು ಹಿಡಿದರು. ಯಾರೂ ಕೂಲಿಯ ಮಾತು ಎತ್ತಲಿಲ್ಲ. ಡ್ರೈವರ ಹಾರನ್ ಹೊಡೆಯುತ್ತಾ, "ನನ್ನ ಗಾಡಿ ಎಲ್ಲಿ ನಿಂತೈತಿ ಅಂತ ಕಂಪ್ನಿ ಮೊಬೈಲಿನ್ಯಾಗ ಕಾಣ್ತೈತ್ರವಾ, ಹತ್ರಿ" ಎಂದು ಕೂಗುತ್ತಿದ್ದ. ಒಂದಿಷ್ಟು ಸಾಲು ಮುಗಿಸಿ ಓಡಿಹೋಗಿ ಹತ್ತಿದರು. ಅವರು ಕಿತ್ತ ಭಾಗ ಮಾತ್ರ ಹೊಲದಲ್ಲಿ ಸ್ವಚ್ಛ ಕಾಣುತ್ತಿತ್ತು.

ಇನ್ಸ್‌ಪೆಕ್ಟರ್ ಬಂದಾಗ ನನ್ನ ರಜೆ ಮುಗಿದಿರಲಿಲ್ಲ. ಆತ ಸಾಲಿನಲ್ಲಿ ನಡೆದ. ಹಳ್ಳದ ಆಚೆಯ ಪ್ಲಾಟು ನೋಡಿದ. ಅಲ್ಲಿ ಹೂವೆಲ್ಲ ಒಣಗಿ, ತೆನೆ ಕಟ್ಟಿ ಎಷ್ಟೋ ದಿನವಾಗಿತ್ತು. ಅದನ್ನು ನೋಡಿ, "ಕೂಡೇ ಬಿತ್ತಿಲ್ಲ ಇವು, ಖರೇ ಐತಿ" ಎಂದ. ಆಮೇಲೆ ಅಕ್ಕನ ಹೊಲದ ನಡುವೆ ನಿಂತು ಒಂದು ಹೆಣ್ಣು ಗಿಡದ ಬಿರಿದ ಸೂಲಂಗಿಯನ್ನು ಬೆರಳಿನಿಂದ ತಟ್ಟಿದ. ಹಳದಿ ಧೂಳು ಉದುರಿತು. ಮುಂದೆ ನಡೆದು ಇನ್ನೊಂದನ್ನು ತಟ್ಟಿದ. ಉದುರಿತು.

"ಸರ್, ಕೀಳವರನ್ನ ಕಳಿಸಲಿಲ್ರಿ. ಕಳಿಸಿದ್ರ ಇದು ಆಗ್ತಿದ್ದಿಲ್ರಿ" ಎಂದೆ.

"ಯಾಕ ಕಳಿಸಲಿಲ್ಲ ಅನ್ನೂದು ನನ್ನ ಕೆಲಸಲ್ರಿ. ಶುದ್ಧ ಐತೋ ಇಲ್ಲೋ ಅಂತ ಬರೀರಿ ಅಂದಾರ. ನೀವ ಹೇಳ್ರಿ, ಇದು ಶುದ್ಧ ಐತೇನು?"

ಶುದ್ಧ ಇರಲಿಲ್ಲ.

ಆತ ಮೊಬೈಲಿನಲ್ಲಿ ಬರೆದ. ಅಕ್ಕ ಬದುವಿನ ಮೇಲೆ ಕೂತು ತೋಳಿಗೆ ಹಾಕಿದ್ದ ಅಂಗಿಯ ತೋಳನ್ನು ಬಿಚ್ಚುತ್ತಿದ್ದಳು. "ಚಾ ಕುಡದ ಹೋಗ್ರಿ ಸಾಹೇಬ್ರ" ಎಂದಳು. ಆತ ಇಲ್ಲವ್ವಾ ಎಂದು ಗಾಡಿ ಹತ್ತಿದ.

ಕೊಪ್ಪಳಕ್ಕೆ ವಾಪಸು ಬಂದ ಮೇಲೆ ನನ್ನ ದೂರಿಗೆ ಉತ್ತರ ಬಂದಿತ್ತು. ಫಂಕ್ಷನ್ ಈ ಪ್ಲಾಟು ಕೆಟ್ಟಿದೆ ಎಂದು ಹೇಳಿತ್ತು, ಹೊಲದಲ್ಲಿ ಪರಿಶೀಲಿಸಿದಾಗಲೂ ಪ್ಲಾಟು ಕೆಟ್ಟಿರುವುದು ಕಂಡುಬಂದಿದೆ, ಆದ್ದರಿಂದ ಫಂಕ್ಷನ್ನಿನಲ್ಲಿ ದೋಷವಿಲ್ಲ, ದೂರು ಮುಕ್ತಾಯ. ಬರೆದವರು ಬೇರೆ ಯಾರೋ. ಆ ಹುಡುಗಿಗೆ ಫೋನು ಮಾಡಿದೆ. ದೂರು ಮುಗಿದ ಮೇಲೆ ತಿದ್ದುಪಡಿಯ ಸಾಲಿನಿಂದಲೂ ಅದನ್ನು ತೆಗೆದಿದ್ದಾರೆ ಅಂಕುಲ್, ದೋಷ ಇಲ್ಲ ಅಂತ ಬರೆದ ಮೇಲೆ ನಾನು ಏನಂತ ತೆಗೆದು ತಿದ್ದಲಿ ಎಂದಳು. ಆಕೆಯ ದನಿ ಸಣ್ಣದಾಗಿತ್ತು. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲಾದರೂ ಬಂದಿದ್ದರೆ ಒಳ್ಳೆಯದಿತ್ತು.

ನಾನು ಇದನ್ನು ಬಹಳ ದಿನ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅದು ಕೆಟ್ಟಿದೆ ಎಂದಿತು. ಅದು ಹಾಗೆಂದದ್ದಕ್ಕೆ ಯಾರೂ ಕೀಳಲು ಬರಲಿಲ್ಲ. ಯಾರೂ ಬಾರದ್ದಕ್ಕೆ ಕೆಟ್ಟಿತು. ಈಗ ಯಾರು ಹೋಗಿ ನೋಡಿದರೂ ಅದು ಹೇಳಿದ್ದೇ ಖರೆ. ಮುಂದಿನ ವರ್ಷ ಅಧಿಕ ಮಾಸ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಅಲ್ಲಿಯವರೆಗೆ ಅದು ಸರಿಯಾದ ತಾರೀಖನ್ನೇ ಕೊಡುತ್ತಾ ಇರುತ್ತದೆ. ಮತ್ತೆ ತಪ್ಪುವ ಹೊತ್ತಿಗೆ ಈ ಮಾತು ಯಾರಿಗೂ ನೆನಪಿರುವುದಿಲ್ಲ, ನಾನೂ ಆಫೀಸಿನಲ್ಲಿ ಇರುವುದಿಲ್ಲವೇನೋ. ಒಡೆತನ ವಾಪಸು ಕೊಡಿ ಎಂದು ಮ್ಯಾನೇಜರ ಮೂಲಕ ಕೇಳಿಸಿ ನೋಡಿದೆ. ಅದು ಆಗದ ಮಾತು. ನನ್ನ ಮೂಲೆಯಲ್ಲಿದ್ದ ಆ ಇನ್ನೊಂದು ಫಂಕ್ಷನ್ನನ್ನೂ, ಬಳಕೆಯಲ್ಲಿ ಇಲ್ಲದವು ಎಂದು ಗುಡಿಸುವಾಗ, ಹೆಡ್ ಆಫೀಸಿನವರು ತೆಗೆದರು.

ಅಕ್ಕನ ಮೆಕ್ಕೆಜೋಳವನ್ನು ಕೋಳಿ ಆಹಾರದವರು ಒಯ್ದರು. ಬೀಜ ಆಗಬೇಕಾದ ತೆನೆ. ಗಿಡ್ಡ ಗಿಡ, ಸಣ್ಣ ಕಾಳು. ತೂಕದಲ್ಲಿ ಏನೂ ಬರಲಿಲ್ಲ. ಆಕೆ ನನ್ನೆದುರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎದುರಿಗೆ ಕೂತು ಬೈಸಿಕೊಳ್ಳುತ್ತಿದ್ದೆ. ಹಿಂಗಾರಿಗೆ ಮತ್ತೆ ಕೂಲಿಗೆ ಹೋದಳು.

ಯುಗಾದಿ ಹತ್ತಿರ ಬಂದಾಗ ನೋಡಿ ಬರಲು ಹೋದೆ. ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಪಕ್ಕದಲ್ಲಿ ಕೂತೆ. ಪ್ಲಾಟಿನ ಹೊಸ ನೋಂದಣಿ ಶುರುವಾಗಿತ್ತು. ಹೆಸರುಗಳು ಎಲ್ಲ ನನ್ನ ಕೈಯ ಮೇಲೇ ಹಾದುಹೋಗುತ್ತವೆ. ಮೊದಲ ವರ್ಷವೇ ಫೇಲಾದ ಆಕೆಯ ಹೆಸರು ಇನ್ನು ಎಂದೂ ಅದರಲ್ಲಿ ಬರುವುದಿಲ್ಲ. ಅದನ್ನು ಹೇಳಲೆಂದೇ ಹೋಗಿದ್ದೆ.

"ತಮ್ಮಾ" ಎಂದಳು ರೊಟ್ಟಿ ತಿರುವಿ ಹಾಕುತ್ತಾ. "ಹ್ವಾದ ವರ್ಷ ನಾ ಹೇಳಿದ್ದು ನಿಮ್ಮ ಮಿಷಿನ್ನಿಗಿ ತಿಳೀಲಿಲ್ಲಂತಲ್ಲ. ಈ ಸಲ ಹೆಂಗ ಹೇಳಿದ್ರ ತಿಳೀತೈತಿ ಅಂತ ಮೊದಲ ಹೇಳಿಬಿಡು. ಹಂಗ ಹೇಳತೀನಿ."

"ಹೇಳ್ತೀನಿ" ಎಂದೆ.

"ಎತ್ತು ಈ ಸಲ ಬ್ಯಾರೆಯವರ್ದು ಕೇಳೀನಿ. ಹಬ್ಬದ ದಾರಿ ಕಾಯಂಗಿಲ್ಲ ನಾ. ನೀ ಎಂದ ಅಂತೀ ಅಂದ ಬಿತ್ತೂದ."

ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿದಳು. ಬೆಣ್ಣೆ ಹಚ್ಚಿಕೊ ಎಂದಳು. ನಾನು ಊಟ ಮಾಡಿದೆ. ಸಂಜೆಯ ಬಸ್ಸಿನವರೆಗೂ ಅಲ್ಲೇ ಇದ್ದೆ, ಹೆಸರು ಬರುವುದಿಲ್ಲ ಅನ್ನುವ ಮಾತನ್ನು ಹೇಳದೆಯೇ ಬಸ್ಸು ಹತ್ತಿದೆ.